ಕ್ಲಾಟ್ ಪರೀಕ್ಷೆಗೆ ಕಾನೂನಿನ ಓದು

ಕ್ಲಾಟ್ ಎಂದು ಹೆಸರಾದ ಕಾನೂನು ಪ್ರವೇಶ ಪರೀಕ್ಷೆಯಲ್ಲಿ ಪದವಿ ತರಗತಿ ಸೇರುವವರಿಗೆ 120 ಪ್ರಶ್ನೆಗಳಿರುತ್ತವೆ; ಸಮಯ 2 ಗಂಟೆ. ಪ್ರಶ್ನೆಗೊಂದು ನಿಮಿಷ ಎಂದು ಲೆಕ್ಕ ಹಾಕುವುದು ಸುಲಭ, ಆದರೆ ಆ ಲೆಕ್ಕ ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವುದಿಲ್ಲ. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದೇ ಇಲ್ಲ. ಮೊದಲು 450 ಪದಗಳವರೆಗಿನ ಒಂದು ಗದ್ಯಭಾಗ, ಅದರ ಕೆಳಗೆ ಅದನ್ನೇ ಹಿಡಿದು ಕೇಳಿದ ಕೆಲವು ಪ್ರಶ್ನೆ, ಆಮೇಲೆ ಮತ್ತೊಂದು ಗದ್ಯಭಾಗ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ವಿಭಾಗಗಳಿಗೂ ಇದೇ ಕಟ್ಟು. ಸರಿಯುತ್ತರಕ್ಕೆ 1 ಅಂಕ, ತಪ್ಪಿದರೆ ಕಾಲು ಅಂಕ ಹೋಯಿತು. ಕಾನೂನು ವಿಭಾಗದ ಪಾಲು 28ರಿಂದ 32 ಪ್ರಶ್ನೆ, ಅಂದರೆ ಹೆಚ್ಚುಕಡಿಮೆ ಕಾಲು ಭಾಗ. ಪ್ರಚಲಿತ ವಿದ್ಯಮಾನಕ್ಕೂ ಅಷ್ಟೇ ಪಾಲು. ಅಲ್ಲಿಯೂ ಮಸೂದೆ, ತೀರ್ಪು, ಕೋರ್ಟಿನ ಸುದ್ದಿಗಳು ಬರುವುದರಿಂದ ಕಾನೂನಿಗಾಗಿ ಓದಿದ್ದು ಅಲ್ಲಿಯೂ ಕೈಹಿಡಿಯುತ್ತದೆ.

ಈ ಸ್ವರೂಪ ಮೊದಲಿನಿಂದ ಇದ್ದದ್ದಲ್ಲ. ಪಿಯುಸಿ ಮುಗಿದ ಕೂಡಲೇ ಸೇರಿ ಐದು ವರ್ಷ ಓದುವ ರಾಷ್ಟ್ರೀಯ ಕಾನೂನು ಶಾಲೆಗಳ ಪರಂಪರೆ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡಕ್ಕೆ ಪಾಠ ಆರಂಭಿಸಿತು. ಅದನ್ನು ನೋಡಿ ಹೈದರಾಬಾದ್, ಭೋಪಾಲ್, ಕೋಲ್ಕತ್ತ, ಜೋಧಪುರ, ರಾಯಪುರ, ಗಾಂಧಿನಗರಗಳಲ್ಲಿ ಅಂಥವೇ ವಿಶ್ವವಿದ್ಯಾಲಯಗಳು ಎದ್ದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ. ವಿದ್ಯಾರ್ಥಿಗಳು ಊರೂರು ಅಲೆಯಬೇಕಾಗಿತ್ತು. ಈ ತೊಡಕು ಸುಪ್ರೀಂ ಕೋರ್ಟಿನ ಮುಂದೆ ಹೋದ ಮೇಲೆ ಏಳೂ ಸಂಸ್ಥೆಗಳು ಒಪ್ಪಂದಕ್ಕೆ ಬಂದು 2008ರಲ್ಲಿ ಮೊದಲ ಸಾಮಾನ್ಯ ಪರೀಕ್ಷೆ ನಡೆಯಿತು. ಮೊದಲ ವರ್ಷ ಅದನ್ನು ನಡೆಸಿಕೊಟ್ಟದ್ದೂ ಬೆಂಗಳೂರಿನ ಶಾಲೆಯೇ. ಈಗ ಪರೀಕ್ಷೆ ನಡೆಸುವ ಹೊಣೆ 2017ರಲ್ಲಿ ರೂಪುಗೊಂಡ ವಿಶ್ವವಿದ್ಯಾಲಯಗಳ ಒಕ್ಕೂಟದ್ದು.

ಆರಂಭದ ವರ್ಷಗಳ ಪ್ರಶ್ನೆಪತ್ರಿಕೆಗೆ 200 ಪ್ರಶ್ನೆ. ಸಮಾನತೆಯ ಹಕ್ಕು ಯಾವ ವಿಧಿಯಲ್ಲಿದೆ, ಈ ಲ್ಯಾಟಿನ್ ನುಡಿಗಟ್ಟಿನ ಅರ್ಥವೇನು ಎಂಬಂಥ ನೆನಪಿನ ಪ್ರಶ್ನೆಗಳಿಗೆ ಅದರಲ್ಲಿ ಧಾರಾಳ ಜಾಗವಿತ್ತು. 2020ರಲ್ಲಿ ಪತ್ರಿಕೆ ಇಡಿಯಾಗಿ ಗದ್ಯಭಾಗಗಳ ಮೇಲೆ ನಿಂತಿತು. ಪ್ರಶ್ನೆಗಳು 150ಕ್ಕೆ ಇಳಿದವು, 2024ರ ಪ್ರವೇಶಕ್ಕೆ ನಡೆದ ಪರೀಕ್ಷೆಯಿಂದ 120 ಆದವು. ಕಾನೂನಿನ ಪೂರ್ವಜ್ಞಾನ ಬೇಕಿಲ್ಲ ಎಂದು ಒಕ್ಕೂಟವೇ ಹೇಳುತ್ತದೆ. ಹೀಗಿದ್ದರೂ ಅಂಗಡಿಗಳಲ್ಲಿ ಸಿಗುವ ದಪ್ಪ ಗೈಡುಗಳಲ್ಲಿ ಹಲವು ಇನ್ನೂ ಹಳೆಯ ಪರೀಕ್ಷೆಗೇ ಸಿದ್ಧಪಡಿಸುತ್ತಿವೆ. ಸಾವಿರ ಬಿಡಿ ಪ್ರಶ್ನೆಗಳಿಗೆ ಉತ್ತರ ಉರು ಹೊಡೆದವರು ಹೊಸ ಪತ್ರಿಕೆಯ ಮೊದಲ ಪುಟದಲ್ಲೇ ತಬ್ಬಿಬ್ಬಾಗುವುದು ಅದಕ್ಕೇ.

ಪೂರ್ವಜ್ಞಾನ ಬೇಕಿಲ್ಲ ಎಂಬ ಮಾತಿನ ನಿಜವಾದ ಅರ್ಥವನ್ನು ಒಂದು ಹಳೆಯ ಪ್ರಕರಣದಿಂದ ತಿಳಿಯಬಹುದು. ಲಾಲ್‌ಮನ್ ಶುಕ್ಲಾ ಎಂಬಾತ ಕಾನ್ಪುರದ ಒಂದು ವ್ಯಾಪಾರಿ ಮನೆಯ ಮುನೀಮ. ಧಣಿ ಗೌರಿ ದತ್ತನ ಸೋದರಳಿಯ ಮನೆ ಬಿಟ್ಟು ಹೋದಾಗ ಹುಡುಕಿ ತರಲು ಶುಕ್ಲಾನನ್ನು ಹರಿದ್ವಾರದ ಕಡೆ ಕಳಿಸಿದರು. ಅವನು ಹೊರಟ ಮೇಲೆ ಇತ್ತ ಧಣಿ ಕರಪತ್ರ ಅಚ್ಚು ಹಾಕಿಸಿ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನ ಎಂದು ಸಾರಿದ. ಶುಕ್ಲಾ ಹುಡುಗನನ್ನು ಪತ್ತೆ ಮಾಡಿದ. ಮುಂದೆ ಬಹುಮಾನಕ್ಕಾಗಿ ದಾವೆ ಹೂಡಿದ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರಸ್ತಾಪ ಗೊತ್ತೇ ಇಲ್ಲದವನು ಅದನ್ನು ಸ್ವೀಕರಿಸಿದ್ದಾನೆ ಎನ್ನಲಾಗದು, ಸ್ವೀಕಾರವಿಲ್ಲದೆ ಕರಾರಿಲ್ಲ ಎಂಬುದು ಅದರ ತಿರುಳು.

ಪರೀಕ್ಷೆಯಲ್ಲಿ ಶುಕ್ಲಾನ ಹೆಸರನ್ನು ಯಾರೂ ಕೇಳುವುದಿಲ್ಲ. ತಿಪಟೂರಿನ ರೈತನೊಬ್ಬನ ಎಮ್ಮೆ ಕಳೆದಿದೆ, ಹುಡುಕಿಕೊಟ್ಟವರಿಗೆ 5,000 ರೂಪಾಯಿ ಎಂದು ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಅಂಟಿಸಿದ್ದಾನೆ, ಚೀಟಿ ನೋಡದ ನೆರೆಯವನು ಎಮ್ಮೆಯನ್ನು ಹೊಡೆದುಕೊಂಡು ಬಂದು ಕಟ್ಟಿದ್ದಾನೆ ಎಂಬ ಸಂಗತಿ ಕೊಟ್ಟು, ಹಣ ಕೊಡಬೇಕೇ ಎಂದು ಕೇಳಬಹುದು. ಗದ್ಯಭಾಗದಲ್ಲಿ ಮೇಲಿನ ತತ್ತ್ವವೇ ಇದ್ದರೆ ಕೊಡಬೇಕಾಗಿಲ್ಲ. ಆದರೆ ಗದ್ಯಭಾಗ ಬೇರೆ ತತ್ತ್ವವನ್ನು ಮುಂದಿಟ್ಟು, ಗೊತ್ತಿರಲಿ ಗೊತ್ತಿಲ್ಲದಿರಲಿ ಕೆಲಸ ಮಾಡಿದವನಿಗೆ ಬಹುಮಾನ ಸಲ್ಲುತ್ತದೆ ಎಂದರೆ ಉತ್ತರವೂ ತಿರುಗುತ್ತದೆ. ನಿಜವಾದ ಕಾನೂನು ಬಲ್ಲವರು ಎಡವುವುದು ಇಲ್ಲಿ. ಓದಿದ್ದನ್ನು ಬದಿಗಿಟ್ಟು ಪುಟದಲ್ಲಿರುವ ನಿಯಮವನ್ನಷ್ಟೇ ಅನ್ವಯಿಸುವ ಶಿಸ್ತು ಈ ವಿಭಾಗದ ಮೊದಲ ಬೇಡಿಕೆ. ಹಾಗಾದರೆ ಮೊದಲೇ ಕಾನೂನು ಓದುವುದು ವ್ಯರ್ಥವೇ ಎಂದರೆ, ಅಲ್ಲ. ಕರಾರಿನಲ್ಲಿ ಪ್ರಸ್ತಾಪವೇನು ಸ್ವೀಕಾರವೇನು ಎಂದು ಒಮ್ಮೆ ತಿಳಿದವರು ಅಂಥ ಗದ್ಯಭಾಗವನ್ನು ಅರ್ಧ ಸಮಯದಲ್ಲಿ ದಾಟುತ್ತಾರೆ. ಉತ್ತರ ಪುಟದಿಂದಲೇ ಬರಬೇಕು, ನಿಜ. ಮೊದಲಿನ ಓದು ಆ ಪುಟವನ್ನು ಪರಿಚಿತವಾಗಿಸುತ್ತದೆ.

ಆ ಓದು ಸಂವಿಧಾನದಿಂದ ಆರಂಭವಾಗುವುದು ಲೇಸು. 1949ರ ನವೆಂಬರ್ 26ರಂದು ಅಂಗೀಕಾರವಾದಾಗ ಅದರಲ್ಲಿ 395 ವಿಧಿಗಳು, 8 ಅನುಸೂಚಿಗಳು ಇದ್ದವು. ಈಗ ಅನುಸೂಚಿಗಳು 12. ಇಡೀ ಗ್ರಂಥವನ್ನು ಓದಬೇಕಾಗಿಲ್ಲ. ಪ್ರಸ್ತಾವನೆ, 12ರಿಂದ 35ನೇ ವಿಧಿಯವರೆಗಿನ ಮೂಲಭೂತ ಹಕ್ಕುಗಳು, ನಿರ್ದೇಶಕ ತತ್ತ್ವಗಳು, ಹೈಕೋರ್ಟಿನ ರಿಟ್ ಅಧಿಕಾರ ಹೇಳುವ 226, ರಾಷ್ಟ್ರಪತಿ ಆಡಳಿತದ 356, ತಿದ್ದುಪಡಿಯ 368: ಇಷ್ಟನ್ನು ಮೂಲದಲ್ಲೇ, ನಿಧಾನವಾಗಿ ಓದಿದರೆ ಸಾಕು. ವಕೀಲರ ಬಳಗದಲ್ಲಿ ಬೇರ್ ಆ್ಯಕ್ಟ್ ಎನ್ನುವ, ವ್ಯಾಖ್ಯಾನವಿಲ್ಲದ ಬರಿಯ ಕಾಯ್ದೆಯ ಪುಸ್ತಿಕೆ ಇದಕ್ಕೆ ತಕ್ಕದ್ದು. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆಗಳು ಪುಕ್ಕಟೆ ಸಿಗುತ್ತವೆ. ಹಿನ್ನೆಲೆ ಬೇಕೆನಿಸಿದರೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕ ಒಳ್ಳೆಯ ಜೊತೆಗಾರ.

ಮೂಲವನ್ನು ಓದುವುದರ ಲಾಭ ಒಂದು ಸಣ್ಣ ಪದದಲ್ಲೂ ಕಾಣುತ್ತದೆ. 14ನೇ ವಿಧಿಯ ಸಮಾನತೆ ಮತ್ತು 21ನೇ ವಿಧಿಯ ಜೀವದ ಹಕ್ಕು ವ್ಯಕ್ತಿಗೆ ಸೇರಿದ್ದು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮೊದಲಾದವು ನಾಗರಿಕರಿಗೆ ಸೇರಿದ್ದು. ಹಂಪಿ ನೋಡಲು ಬಂದ ವಿದೇಶಿ ಪ್ರವಾಸಿ ಮೊದಲಿನ ಎರಡನ್ನು ಕೇಳಬಹುದು, ಮೂರನೆಯದನ್ನು ಕೇಳಲಾರ. ಗೈಡಿನ ಸಾರಾಂಶದಲ್ಲಿ ಎಲ್ಲರಿಗೂ ಎಂದು ತೇಲಿಹೋಗುವ ಈ ವ್ಯತ್ಯಾಸವೇ ಒಂದು ಪ್ರಶ್ನೆಯ ಜೀವಾಳವಾಗಬಲ್ಲದು.

ಕಾಯ್ದೆಯ ಭಾಷೆಗೆ ಅದರದೇ ವ್ಯಾಕರಣವಿದೆ. ಅದನ್ನು ಕಲಿಯಲು ಕನ್ನಡ ಬಲ್ಲವರಿಗೆ ಒಂದು ಅಡ್ಡದಾರಿಯೂ ಇದೆ: ಕರ್ನಾಟಕದ ಕಾಯ್ದೆಗಳ ಕನ್ನಡ ಪಾಠ. ಅಲ್ಲಿ ‘ಮಾಡತಕ್ಕದ್ದು’ ಎಂದರೆ ಬೇರೆ ದಾರಿಯಿಲ್ಲ, ‘ಮಾಡಬಹುದು’ ಎಂದರೆ ವಿವೇಚನೆಗೆ ಬಿಟ್ಟದ್ದು. ಇಂಗ್ಲಿಷಿನ ಶಲ್ ಮತ್ತು ಮೇ ಎಂಬ ಎರಡು ಪುಟ್ಟ ಕ್ರಿಯಾಪದಗಳ ನಡುವಿನ ದೂರವನ್ನು ‘ತಕ್ಕದ್ದು’ ಎಂಬ ಮಾತು ಎಷ್ಟೋ ಗಟ್ಟಿಯಾಗಿ ತೋರಿಸುತ್ತದೆ. ಕಾಯ್ದೆಯ ವಾಕ್ಯದ ನಡುವೆ ‘ಪರಂತು’ ಬಂದರೆ ಮೇಲೆ ಹೇಳಿದ ನಿಯಮಕ್ಕೆ ವಿನಾಯಿತಿ ಬರುತ್ತಿದೆ ಎಂದು ತಿಳಿಯಬೇಕು. ಇಂಗ್ಲಿಷಿನ ಪ್ರೊವೈಡೆಡ್ ದಟ್ ಮಾಡುವ ಕೆಲಸವೂ ಅದೇ. ಬೇರೆಡೆ ‘ಏನೇ ಒಳಗೊಂಡಿದ್ದರೂ’ ಎಂಬ ಪೀಠಿಕೆಯಿದ್ದರೆ ಆ ನಿಯಮ ಉಳಿದವುಗಳ ಮೇಲೆ ಸವಾರಿ ಮಾಡುತ್ತದೆ, ‘ಒಳಪಟ್ಟು’ ಎಂದಿದ್ದರೆ ಉಳಿದವುಗಳಿಗೆ ತಲೆಬಾಗುತ್ತದೆ. ಒಂದು ಪದದ ಅರ್ಥ ಹೇಳುವಾಗ ‘ಎಂದರೆ’ ಎಂದಿದ್ದರೆ ಪಟ್ಟಿ ಅಲ್ಲಿಗೆ ಮುಗಿಯಿತು. ‘ಒಳಗೊಳ್ಳುತ್ತದೆ’ ಎಂದಿದ್ದರೆ ಪಟ್ಟಿಗೆ ಬಾಗಿಲು ತೆರೆದೇ ಇದೆ. ‘ಮತ್ತು’ ಎಂದಿರುವಲ್ಲಿ ಎಲ್ಲ ಷರತ್ತೂ ಪೂರೈಸಬೇಕು, ‘ಅಥವಾ’ ಎಂದಿರುವಲ್ಲಿ ಒಂದು ಸಾಕು. ಕಾನೂನು ತರ್ಕದ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಈ ಏಳೆಂಟು ಪದಗಳ ಸುತ್ತಲೇ ತಿರುಗುತ್ತದೆ ಎಂದರೆ ಅತಿಶಯೋಕ್ತಿಯೇನಲ್ಲ. ಒಂದೇ ಸೆಕ್ಷನ್ನನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಕ್ಕಪಕ್ಕ ಇಟ್ಟುಕೊಂಡು ಓದುವ ಅಭ್ಯಾಸ ಒಂದು ತಿಂಗಳು ನಡೆದರೂ ಈ ವ್ಯಾಕರಣ ಕೈವಶವಾಗುತ್ತದೆ.

ಸಂವಿಧಾನದ ನಂತರ ಕರಾರು, ಅಪಕೃತ್ಯ, ಅಪರಾಧ ಎಂಬ ಮೂರು ಕ್ಷೇತ್ರಗಳು. ಕರಾರಿಗೆ 1872ರ ಭಾರತೀಯ ಕರಾರು ಕಾಯ್ದೆಯ ಮೊದಲ 75 ಸೆಕ್ಷನ್‌ಗಳನ್ನು ನೋಡಿದರೆ ಸಾಕು. ಅಪ್ರಾಪ್ತ ವಯಸ್ಕನ ಕರಾರು ಮೊದಲಿನಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹರಿ ಬೀಬಿ ಪ್ರಕರಣದಲ್ಲಿ ಹೇಳಿದ್ದು ಇಂದಿಗೂ ಹಾಗೆಯೇ ನಿಂತಿದೆ.

ವಕೀಲರು ಟಾರ್ಟ್ ಎನ್ನುವ ಅಪಕೃತ್ಯಕ್ಕೆ ಒಂದು ಕಾಯ್ದೆ ಎಂಬುದಿಲ್ಲ. ಅದು ತೀರ್ಪುಗಳಿಂದ ಬೆಳೆದದ್ದು, ಆದ್ದರಿಂದ ಕಥೆಗಳ ರೂಪದಲ್ಲಿ ಓದಿಸಿಕೊಳ್ಳುತ್ತದೆ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಹೆಂಗಸೊಬ್ಬಳು ಕುಡಿದ ಶುಂಠಿ ಪಾನೀಯದ ಬಾಟಲಿಯಿಂದ ಬಸವನಹುಳು ಹೊರಬಿತ್ತು ಎಂಬ ದೂರಿನಿಂದ, ತಯಾರಕನಿಗೂ ಬಳಕೆದಾರನಿಗೂ ನಡುವೆ ಕರಾರಿಲ್ಲದಿದ್ದರೂ ಎಚ್ಚರಿಕೆಯ ಹೊಣೆ ಇದೆ ಎಂಬ ತತ್ತ್ವ 1932ರಲ್ಲಿ ಬಂತು. ಅಪಾಯಕಾರಿ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು ಅದು ಹೊರಹರಿದರೆ ಹೊಣೆ ಎಂದು ಇಂಗ್ಲೆಂಡಿನ ರೈಲ್ಯಾಂಡ್ಸ್ ಪ್ರಕರಣ 1868ರಲ್ಲೇ ಹೇಳಿತ್ತು, ಆದರೆ ಕೆಲವು ವಿನಾಯಿತಿಗಳನ್ನು ಉಳಿಸಿತ್ತು. ಭೋಪಾಲ್ ದುರಂತ ನಡೆದು ಒಂದು ವರ್ಷಕ್ಕೆ, 1985ರ ಡಿಸೆಂಬರಿನಲ್ಲಿ, ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಗಳಿಗೆ ಆ ವಿನಾಯಿತಿಗಳನ್ನು ಕಿತ್ತುಹಾಕಿತು. ಮೊದಲಿನದು ಕಟ್ಟುನಿಟ್ಟಿನ ಹೊಣೆ, ಎರಡನೆಯದು ಸಂಪೂರ್ಣ ಹೊಣೆ. ಗದ್ಯಭಾಗದಲ್ಲಿ ಇವೆರಡನ್ನೂ ಕೊಟ್ಟು, ಭೂಕಂಪದಿಂದ ಟ್ಯಾಂಕ್ ಒಡೆದರೆ ಏನು ಎಂದು ಕೇಳುವುದು ಪ್ರಶ್ನೆ ತೆಗೆಯುವವರ ಅಚ್ಚುಮೆಚ್ಚಿನ ವರಸೆ.

ಅಪರಾಧದ ಕಾನೂನಿನಲ್ಲಿ ವಿದ್ಯಾರ್ಥಿ ಎಚ್ಚರವಾಗಿರಬೇಕಾದ ಒಂದು ಸ್ಥಿತ್ಯಂತರವಾಗಿದೆ. 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂದಿದೆ. 511 ಸೆಕ್ಷನ್‌ಗಳಿದ್ದಲ್ಲಿ ಈಗ 358. ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆಗಳೂ ಅದೇ ದಿನ ಹೊಸ ಕಾಯ್ದೆಗಳಿಗೆ ಎಡೆ ಬಿಟ್ಟವು. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ವಂಚನೆಯ 420 ಈಗ 318ರೊಳಗೆ ಸೇರಿದೆ. ಮೋಸಗಾರನನ್ನು ಫೋರ್ ಟ್ವೆಂಟಿ ಎಂದು ಬೈಯುವ ರೂಢಿ ಮಾತ್ರ ಸಂಹಿತೆ ಬದಲಾದರೂ ಹೋಗುವಂತೆ ಕಾಣುವುದಿಲ್ಲ. ಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ವ್ಯಾಖ್ಯೆಯನ್ನು ತುಂಡು ಮಾಡಿ ಓದುವುದು ಮುಖ್ಯ. ಕಳವು ಎಂದರೆ ಚರ ಸೊತ್ತು ಇರಬೇಕು, ಅದು ಇನ್ನೊಬ್ಬರ ವಶದಲ್ಲಿರಬೇಕು, ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶ ಇರಬೇಕು, ಸೊತ್ತು ಕದಲಬೇಕು. ತೆಂಗಿನಕಾಯಿ ಮರದಲ್ಲಿರುವವರೆಗೆ ನೆಲಕ್ಕೆ ಅಂಟಿದ ಸೊತ್ತು; ಕಿತ್ತ ಕ್ಷಣ ಚರ ಸೊತ್ತು, ಕೀಳುವ ಕೆಲಸವೇ ಕಳವಾಗಬಹುದು. ಮದುವೆ ಮನೆಯಲ್ಲಿ ತನ್ನದೆಂದು ತಿಳಿದು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವನು ಕಳ್ಳನಲ್ಲ, ಉದ್ದೇಶದ ತುಂಡು ಅಲ್ಲಿಲ್ಲ. ಹೀಗೆ ಒಂದೊಂದು ತುಂಡನ್ನೂ ಸಂಗತಿಯ ಮೇಲೆ ಇಟ್ಟು ನೋಡುವುದೇ ಕಾನೂನು ತರ್ಕ.

ಕಾಯ್ದೆಗಳ ಪರಿಚಯವಾದ ಮೇಲೆ ತೀರ್ಪುಗಳು. ಮೊದಲಿಗೆ ಚಿಕ್ಕದು ಬೇಕು. 1986ರ ಬಿಜೋ ಇಮ್ಯಾನುಯೆಲ್ ತೀರ್ಪು ಅದಕ್ಕೆ ಹೇಳಿಮಾಡಿಸಿದಂತಿದೆ. ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಆದರೆ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡಲಿಲ್ಲ. ಶಾಲೆ ಅವರನ್ನು ಹೊರಹಾಕಿತು. ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಪಡಿಸಿತು. ಸಂಗತಿ ಏನು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ಉತ್ತರವೇನು, ಅದಕ್ಕೆ ಕಾರಣವೇನು ಎಂದು ನಾಲ್ಕು ಸಾಲು ಬರೆದುಕೊಳ್ಳಲು ಈ ತೀರ್ಪಿನಲ್ಲಿ ಎಲ್ಲವೂ ತಿಳಿಯಾಗಿವೆ. ತೀರ್ಪಿಗೆ ಆಧಾರವಾದ ಕಾರಣವೊಂದೇ ಮುಂದಿನ ಪ್ರಕರಣಗಳನ್ನು ಕಟ್ಟಿಹಾಕುತ್ತದೆ. ನ್ಯಾಯಮೂರ್ತಿಗಳು ಪ್ರಾಸಂಗಿಕವಾಗಿ ಆಡಿದ ಮಾತಿಗೆ ಆ ಬಲವಿಲ್ಲ. ಈ ಎರಡನ್ನು ಬೇರೆ ಮಾಡುವ ಕೌಶಲ ಓದುತ್ತ ಓದುತ್ತಲೇ ಬರಬೇಕು.

ದೊಡ್ಡ ತೀರ್ಪುಗಳಿಗೆ ಬಂದರೆ ಕನ್ನಡ ಓದುಗರಿಗೆ ಹೆಸರುಗಳೇ ಹತ್ತಿರದವು. ತಿದ್ದುಪಡಿಯ ಅಧಿಕಾರ ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟಲಾರದು ಎಂದು 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಯಕ್ಷಗಾನದ ಪೋಷಕರು. ಚುನಾಯಿತ ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ರಾಜಭವನದಲ್ಲಲ್ಲ, ಸದನದಲ್ಲಿ ತೀರ್ಮಾನವಾಗಬೇಕು ಎಂದ 1994ರ ತೀರ್ಪು, 1989ರಲ್ಲಿ ವಜಾಗೊಂಡ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನದು. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕುಗಳ ಬಗ್ಗೆ 2002ರಲ್ಲಿ 11 ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನ ಹಿಂದೆ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ ಪ್ರಕರಣ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಅದೇ ಹೆಸರಿನಲ್ಲಿ 2018ರಲ್ಲಿ ಬಂದ ಆಧಾರ್ ತೀರ್ಪು ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವ ತಪ್ಪು ಸಾಮಾನ್ಯ.

ಪುಟ್ಟಸ್ವಾಮಿ ತೀರ್ಪನ್ನು ಓದುವಾಗ ಭಿನ್ನಮತದ ಬೆಲೆಯೂ ತಿಳಿಯುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಜಬಲ್ಪುರ ಪ್ರಕರಣದಲ್ಲಿ, ಬಂಧಿತರು ಹೈಕೋರ್ಟಿಗೆ ಹೋಗುವಂತಿಲ್ಲ ಎಂದು ನಾಲ್ವರು ಹೇಳಿದರು, ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. 2017ರ ತೀರ್ಪು ಆ ಬಹುಮತವನ್ನು ತಳ್ಳಿಹಾಕಿತು. ಬಹುಮತದ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್, ಅದನ್ನು ತಳ್ಳಿಹಾಕಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಇಷ್ಟು ಉದ್ದದ ತೀರ್ಪುಗಳನ್ನು ಆದ್ಯಂತ ಓದಲು ಪಿಯುಸಿ ವಿದ್ಯಾರ್ಥಿಗೆ ಬಿಡುವಿರುವುದಿಲ್ಲ. ಆರಂಭದ ಸಾರಾಂಶ ಮತ್ತು ಕೊನೆಯ ನಿರ್ಣಯದ ಭಾಗ ನೋಡಿದರೂ ನಡೆಯುತ್ತದೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು 2023ರಿಂದ ಉಚಿತವಾಗಿ ದೊರೆಯುತ್ತಿವೆ, ಕೆಲವಕ್ಕೆ ಕನ್ನಡ ಅನುವಾದವೂ ಇದೆ.

ದಿನಪತ್ರಿಕೆಯನ್ನು ಕಾನೂನಿನ ಕಣ್ಣಿನಿಂದ ಓದುವುದು ಈ ಸಿದ್ಧತೆಯ ದಿನನಿತ್ಯದ ಭಾಗ. ಮಸೂದೆ, ಕಾಯ್ದೆ, ಸುಗ್ರೀವಾಜ್ಞೆಗಳ ನಡುವಿನ ವ್ಯತ್ಯಾಸ, ಮಧ್ಯಂತರ ಆದೇಶಕ್ಕೂ ಅಂತಿಮ ತೀರ್ಪಿಗೂ ಇರುವ ಅಂತರ ಸುದ್ದಿಯಲ್ಲೇ ಮನದಟ್ಟಾಗುತ್ತವೆ. ಸಂಸತ್ತಿನ ಮಸೂದೆಗಳ ಚಿಕ್ಕ ಟಿಪ್ಪಣಿಗಳಿಗೆ ಪಿಆರ್‌ಎಸ್ ಸಂಸ್ಥೆಯ ತಾಣ ಭರವಸೆಯದು. ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಡಕಾಗುವುದು ಕಾನೂನಿಗಿಂತ ಓದಿನ ವೇಗ. ವಿಷಯವನ್ನು ಕನ್ನಡ ಪತ್ರಿಕೆಯಲ್ಲಿ ಮೊದಲು ತಿಳಿದು, ಅದೇ ಸುದ್ದಿಯ ಇಂಗ್ಲಿಷ್ ಸಂಪಾದಕೀಯವನ್ನು ಗಡಿಯಾರ ಇಟ್ಟುಕೊಂಡು ಓದಿದರೆ ಅಪರಿಚಿತ ಪದಗಳು ಸಂದರ್ಭದಿಂದಲೇ ಬಿಡಿಸಿಕೊಳ್ಳುತ್ತವೆ. ಪದಪಟ್ಟಿ ಉರು ಹೊಡೆಯುವುದಕ್ಕಿಂತ ಇದು ನಿಧಾನ, ಆದರೆ ಉಳಿಯುತ್ತದೆ.

ಬೇರೆ ಪರೀಕ್ಷೆಗಳಿಗೆ ಓದಿನ ಹದ ಬೇರೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐಲೆಟ್ ಪರೀಕ್ಷೆಯಲ್ಲಿ ಈಗ ಪ್ರತ್ಯೇಕ ಕಾನೂನು ವಿಭಾಗವೇ ಇಲ್ಲ. ತರ್ಕಕ್ಕೆ ಹೆಚ್ಚಿನ ಪಾಲು. ಮಹಾರಾಷ್ಟ್ರದ ಸಿಇಟಿ, ತೆಲಂಗಾಣದ ಲಾಸೆಟ್‌ಗಳಲ್ಲಿ ಮಾತ್ರ ನೇರ ಜ್ಞಾನದ ಪ್ರಶ್ನೆಗಳು ಇಂದಿಗೂ ಬರುತ್ತವೆ, ಹಾಗಾಗಿ ವಿಧಿಗಳ ಸಂಖ್ಯೆ, ಲ್ಯಾಟಿನ್ ನುಡಿಗಟ್ಟು ಅಲ್ಲಿಗೆ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಪದವಿಗೆ ಇಂಥ ಪರೀಕ್ಷೆಯಿಲ್ಲ, ಪಿಯುಸಿ ಅಂಕವೇ ಆಧಾರ.

ಕೊನೆಯ ಎರಡು ಮೂರು ತಿಂಗಳಿಗೆ ಹಳೆಯ ಪ್ರಶ್ನೆಪತ್ರಿಕೆಗಳಿಗಿಂತ ಒಳ್ಳೆಯ ಸಾಮಗ್ರಿಯಿಲ್ಲ. ಅವು ಒಕ್ಕೂಟದ ಜಾಲತಾಣದಲ್ಲೇ ಸಿಗುತ್ತವೆ. 2020 ಮತ್ತು ನಂತರದವನ್ನು ಮಾತ್ರ ಸಮಯ ಕಟ್ಟಿಕೊಂಡು ಬಿಡಿಸಬೇಕು. ಉತ್ತರ ತಪ್ಪಿದ್ದು ನಿಯಮ ತಿಳಿಯದೆಯೋ, ಸಂಗತಿಯನ್ನು ಅವಸರದಲ್ಲಿ ಓದಿದ್ದರಿಂದಲೋ, ಹೊರಗಿನ ಜ್ಞಾನವನ್ನು ಒಳಗೆ ತಂದದ್ದರಿಂದಲೋ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಮುಂದಿನ ವಾರದ ಓದು ಯಾವ ಕಡೆ ಎಂಬುದು ತಾನೇ ಗೊತ್ತಾಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಂಥಲ್ಲಿ ಅರ್ಧ ಬೆಲೆಗೆ ಗೈಡ್ ಕೊಳ್ಳುವವರು ಮೊದಲು ಮುದ್ರಣದ ವರ್ಷ ನೋಡಬೇಕು. 2020ಕ್ಕಿಂತ ಹಿಂದಿನದಾದರೆ ಅದರ ಮಾದರಿ ಪತ್ರಿಕೆಗಳು ಹಳಸಿವೆ, 2024ರ ಜುಲೈಗಿಂತ ಹಿಂದಿನದಾದರೆ ಅಪರಾಧದ ಅಧ್ಯಾಯದ ಸೆಕ್ಷನ್‌ಗಳೂ ಹಳಸಿವೆ. ಕರಾರು ಮತ್ತು ಅಪಕೃತ್ಯದ ಅಧ್ಯಾಯಗಳನ್ನು ಮಾತ್ರ ಎಷ್ಟು ಹಳೆಯ ಪ್ರತಿಯಲ್ಲೂ ಓದಬಹುದು.